ಒಂಬತ್ತೂವರೆ ಗಂಟೆಯ ದಾರಿ

ಟಿಕೆಟ್ ಏಜೆನ್ಸಿಯ ಮೂರನೇ ಮೇಜಿನ ಹಿಂದೆ ಅವಳು ಕೂತು ಹತ್ತೊಂಬತ್ತು ವರ್ಷ. ಯಾವುದೇ ಎರಡು ಊರುಗಳ ಹೆಸರು ಹೇಳಿದರೆ ಸಾಕು, ನಡುವಿನ ದೂರವೆಷ್ಟು, ವಿಮಾನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಂಪ್ಯೂಟರಿನ ಕಡೆ ಕಣ್ಣು ಹಾಯಿಸದೆ ಹೇಳುವಳು. ಜೊತೆಯವರು ಅವಳನ್ನು ‘ಮೈಲಿಗಲ್ಲು’ ಎಂದು ರೇಗಿಸುತ್ತಿದ್ದರು. ಆ ಮೈಲಿಗಲ್ಲು ಮಾತ್ರ ನಿಂತಲ್ಲೇ ನಿಂತಿತ್ತು. ಒಮ್ಮೆಯೂ ವಿಮಾನ ಹತ್ತಿರಲಿಲ್ಲ.

ಗಂಡನ ಕಿಡ್ನಿ ಕೈಕೊಟ್ಟು ಆರು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್. ತಾನು ಕರೆದುಕೊಂಡು ಹೋಗುತ್ತೇನೆಂದು ಪಕ್ಕದ ಮನೆಯ ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಗಂಡ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನೀನು ಪಕ್ಕದಲ್ಲಿ ಇಲ್ಲ ಅಂದ್ರೆ ನಾನು ಆ ಸೂಜಿಗೆ ಕೈ ಒಡ್ಡಲ್ಲ,” ಅನ್ನುತ್ತಿದ್ದ.

ತಾಯಿಯಿಲ್ಲದ ಮನೆಯಲ್ಲಿ ಅವಳ ತಲೆ ಬಾಚಿ, ಅಕ್ಷರ ತಿದ್ದಿಸಿ ಬೆಳೆಸಿದವಳು ಅಕ್ಕ. ಈಗ ಇದ್ದದ್ದು ಏಳು ಸಾವಿರದ ಮುನ್ನೂರು ಕಿಲೋಮೀಟರ್ ಆಚೆ, ಒಂಬತ್ತೂವರೆ ಗಂಟೆಯ ಹಾರಾಟ. ಒಂದು ಭಾನುವಾರ ಭಾವ ಫೋನ್ ಮಾಡಿ, ನೋಡುವುದಿದ್ದರೆ ಈಗಲೇ ಬಾ ಅಂದರು.

ಸೋಮವಾರ ಮಧ್ಯಾಹ್ನದಿಂದ ಬುಧವಾರ ಬೆಳಗಿನವರೆಗೆ ನಲವತ್ತನಾಲ್ಕು ಗಂಟೆ. ಹೋಗಲು, ಬರಲು, ರಸ್ತೆಗೆ, ತಪಾಸಣೆಗೆ, ಕಾಯುವುದಕ್ಕೆ ಎಲ್ಲ ಕಳೆದರೆ ಅಕ್ಕನ ಬಳಿ ಕೂರಲು ಆರು ಗಂಟೆ ಸಿಗುತ್ತಿತ್ತು. ಅವಳು ಹೊರಟೇಬಿಟ್ಟಳು. ಗಂಡ ಹೊಸ್ತಿಲವರೆಗೆ ಬಂದು, “ಬುಧವಾರಕ್ಕೆ ಬರ್ತೀಯ ತಾನೆ?” ಎಂದು ಎರಡು ಸಲ ಕೇಳಿದ.

ವಿಮಾನದ ಬಾಗಿಲು ಮುಚ್ಚಿತು. ಆಮೇಲೆ ಅದು ಮಿಸುಕಾಡಲಿಲ್ಲ. ಏನೋ ರಿಪೇರಿ ಅಂದರು. ಬೆಲ್ಟ್ ಬಿಗಿದುಕೊಂಡು, ಅಕ್ಕಪಕ್ಕದವರ ಮೊಣಕೈಗಳ ನಡುವೆ ಅವಳು ನಾಲ್ಕು ಗಂಟೆ ಕೂತಳು. ಇಳಿಯುವ ಹಾಗಿಲ್ಲ, ಹಾರುವ ಹಾಗೂ ಇಲ್ಲ. ಆರು ಐದಾಯಿತು, ನಾಲ್ಕಾಯಿತು. ಕೊನೆಗೆ ಅಕ್ಕನ ಪಾಲಿಗೆ ಉಳಿದದ್ದು ಎರಡೇ ಗಂಟೆ.

ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಹಿಡಿಯಷ್ಟಾಗಿದ್ದಳು. ಕಣ್ಣು ಬಿಟ್ಟು ಗುರುತು ಹಿಡಿದಳು.

“ಬಂದ್ಯಾ? ಏನಾದ್ರೂ ತಿಂದ್ಯಾ?”

“ತಿಂದೆ ಕಣೇ.”

“ಎಷ್ಟು ದಿನ ಇರ್ತೀಯ?”

ಯಾವ ಊರಿನ ಹೊತ್ತನ್ನಾದರೂ ಥಟ್ಟನೆ ಹೇಳುತ್ತಿದ್ದವಳು ಅಕ್ಕನ ಹೊದಿಕೆ ಸರಿಮಾಡಿದಳು. ಇರ್ತೀನಿ, ಮಲಗು, ಅಂದಳು. ಅಕ್ಕ ಅವಳ ಬೆರಳು ಹಿಡಿದುಕೊಂಡೇ ನಿದ್ದೆ ಹೋದಳು. ಭಾವ ಗಡಿಯಾರ ತೋರಿಸಿದಾಗ ಅವಳು ಒಂದೊಂದೇ ಬೆರಳು ಬಿಡಿಸಿಕೊಂಡು ಎದ್ದಳು.

ವಾಪಸು ಬಂದಿಳಿದು ಫೋನ್ ಆನ್ ಮಾಡಿದಾಗ ಭಾವನ ಸಂದೇಶ ಕಾದಿತ್ತು. ವಿಮಾನ ಏರಿದ ಮೂರನೇ ಗಂಟೆಗೆ ಅಕ್ಕ ಹೋಗಿಬಿಟ್ಟಿದ್ದಳು. ಆಮೇಲಿನ ಆರೂವರೆ ಗಂಟೆ ಇವಳು ಏನೂ ಗೊತ್ತಿಲ್ಲದೆ ಮೋಡ ನೋಡುತ್ತ ಕೂತಿದ್ದಳು.

ಮನೆಯಲ್ಲಿ ಗಂಡ ಅಂಗಿಯ ಗುಂಡಿಯನ್ನು ಏರುಪೇರಾಗಿ ಹಾಕಿಕೊಂಡು ತಯಾರಾಗಿ ಕೂತಿದ್ದ. ಎಂದಿನಂತೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಯಂತ್ರ ತಿರುಗತೊಡಗಿದ ಮೇಲೆ ವಿಷಯ ಹೇಳಿದಳು.

“ಇನ್ನೆರಡು ದಿನ ಅಲ್ಲೇ ಇರಬಹುದಿತ್ತಲ್ಲ,” ಅಂದ.

ಅವಳು ಅವನ ಮುಖ ನೋಡಿದಳು.

“ಶುಕ್ರವಾರ ನಾನು ಬರಲ್ಲ ರೀ. ಮೇಷ್ಟ್ರ ಜೊತೆ ಹೋಗಿ.”

ಶುಕ್ರವಾರ ಅವನು ತುಟಿ ಪಿಟಕ್ಕೆನ್ನದೆ ಮೇಷ್ಟ್ರ ಸ್ಕೂಟರ್ ಹತ್ತಿದ. ಮಧ್ಯಾಹ್ನ ಬಂದು, ಈ ಸಲ ಸೂಜಿ ಅಷ್ಟೇನೂ ನೋಯಲಿಲ್ಲ, ಮೇಷ್ಟ್ರು ದಾರಿಯುದ್ದಕ್ಕೂ ನಗಿಸಿದರು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. ಅವಳು ಕಟ್ಟೆಯ ಅಂಚು ಹಿಡಿದು, ಹಿಂತಿರುಗಿ ನೋಡದೆ ಹಾಗೇ ನಿಂತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು.