ಹಲ್ಲುಚಕ್ರಕ್ಕೆ ಹಚ್ಚಿದ ಸುಣ್ಣ

ಯಾರಾದರೂ 'ಅವಸರ ಇಲ್ಲ' ಎಂದು ಹೇಳಿದರೆ ನನಗೆ ಆ ಕ್ಷಣದಿಂದಲೇ ಅವಸರ ಶುರುವಾಗುತ್ತದೆ. ನನ್ನ ಹೆಂಡತಿ ವಾರಿಜ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಕರ್ತವ್ಯಪ್ರಜ್ಞೆ ಎನ್ನುತ್ತೇನೆ. ಹತ್ತೂವರೆಯ ಪುತ್ತೂರು ಬಸ್ಸಿಗೆ ಒಂಬತ್ತೂವರೆಗೇ ಹೋಗಿ ನಿಂತು, ಹತ್ತು ಗಂಟೆಗೆ, ಬಸ್ಸು ನನ್ನನ್ನು ಬಿಟ್ಟು ಹೋಗಿರಬಹುದೆಂದು ನಾಲ್ಕು ಜನರನ್ನು ವಿಚಾರಿಸುವ ಜಾತಿ ನನ್ನದು. ಹಲಸಿನಕಾಯಿ ನನ್ನ ಬೆರಳ ಪೆಟ್ಟು ತಾಳಲಾರದೆಯೇ ಹಣ್ಣಾಗುತ್ತದೆ ಎಂದು ಮನೆಯಲ್ಲಿ ಮಾತುಂಟು.

ಇಂಥವನ ಅಂಗಳಕ್ಕೆ ಎಂಬತ್ತರ ದಶಕದ ಕೊನೆಯಲ್ಲಿ ಒಂದು ಕಾರು ಬಂತು. ಆಗಷ್ಟೇ ನಮ್ಮ ಕಡೆಯ ರಸ್ತೆಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ, ಬೆಂಕಿಪೊಟ್ಟಣಕ್ಕೆ ಚಕ್ರ ಕಟ್ಟಿದಂಥ ಪುಟ್ಟ ಕಾರು. ನನ್ನದಲ್ಲ, ವಾರಿಜಳದು. ಮಂಗಳೂರಿನಲ್ಲಿದ್ದ ಅವಳ ಅಣ್ಣ ದೊಡ್ಡ ಕಾರು ತೆಗೆದುಕೊಂಡಾಗ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಕೊಡುವಾಗ ನನ್ನ ಕಡೆ ತಿರುಗಿ, "ಭಾವ, ಎಂಜಿನಿನ ಟೈಮಿಂಗ್ ಬೆಲ್ಟ್ ಒಂದು ಬದಲಿಸ್ಲಿಕ್ಕುಂಟು. ಹೊಸತು ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಅವಸರ ಎಂತ ಇಲ್ಲ" ಎಂದ. ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲ ಮನುಷ್ಯ ಆ ಕೊನೆಯ ಮಾತನ್ನು ಆಡಬಾರದಿತ್ತು.

ಅದಾಗಿ ಮೂರು ತಿಂಗಳು ನಾನು ತಡೆದುಕೊಂಡೆ. ತಡೆದುಕೊಳ್ಳಲು ಒಂದು ಕಾರಣವಿತ್ತು: ವಾರಿಜಳಿಗೆ ಕಾರು ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ, ಅವಳು ಬಿಡುತ್ತಿದ್ದಳು, ನಾನು ಎಡಗಡೆ ಕುಳಿತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ತಿಂಗಳಿಗೊಮ್ಮೆ ಸುಳ್ಯಕ್ಕೆ ಬರುವ ಇನ್ಸ್‌ಪೆಕ್ಟರರು ಒಂದು ಸೋಮವಾರ ಅವಳ ಲೈಸೆನ್ಸಿನ ಪರೀಕ್ಷೆ ನೋಡುವುದೆಂದು ಗೊತ್ತಾಯಿತು. ನಮ್ಮ ಬೀದಿಯಲ್ಲಿ ಅದುವರೆಗೆ ಹೆಂಗಸರು ಯಾರೂ ಕಾರು ಬಿಟ್ಟವರಲ್ಲ. ವಾರಿಜ ಹಿಂದಿನ ವಾರವೇ ಸೀರೆ ಇಸ್ತ್ರಿ ಮಾಡಿಟ್ಟು, ರಸ್ತೆಯ ಚಿಹ್ನೆಗಳನ್ನೆಲ್ಲ ಬಾಯಿಪಾಠ ಮಾಡಿ, ಶಾಂತವಾಗಿ ತನ್ನ ಹೊಲಿಗೆ ಮೆಷಿನಿನ ಮುಂದೆ ಕುಳಿತಳು. ಅವಳ ಆ ಶಾಂತಿಯನ್ನು ನನ್ನಿಂದ ನೋಡಲಾಗಲಿಲ್ಲ. ಪರೀಕ್ಷೆಯ ನಡುವೆ ಬೆಲ್ಟು ತುಂಡಾದರೆ? ಭಾನುವಾರ ಬೆಳಿಗ್ಗೆ ಕಡಬದಿಂದ ಹಮೀದನನ್ನು ಕರೆಸಿಯೇಬಿಟ್ಟೆ.

ಹಮೀದ ಜೀಪಿನ ಮೆಕ್ಯಾನಿಕ್. ಕಡಬದಿಂದ ಹಳ್ಳಿಗಳಿಗೆ ಹದಿನೆಂಟು ಜನರನ್ನು ಹೇರಿಕೊಂಡು ಓಡುವ ಜೀಪುಗಳ ಪ್ರಾಣ ಅವನ ಕೈಯಲ್ಲಿತ್ತು. ಅವನು ಮುಚ್ಚಳ ಬಿಚ್ಚಿ ಒಳಗೆ ಇಣುಕಿದ. ಆಮೇಲೆ, ಇದರಲ್ಲಿ ಚೈನೂ ಇಲ್ಲ, ಗೇರೂ ಇಲ್ಲ, ಬರೀ ರಬ್ಬರು ಉಂಟು ಎಂದ. ರಬ್ಬರು ಎಂಬ ಶಬ್ದ ಕೇಳಿದ್ದೇ ಜಗಲಿಯಲ್ಲಿ ಕುಳಿತಿದ್ದ ಚೆನ್ನಪ್ಪ ಗೌಡರು ಎದ್ದು ಬಂದರು. ಗೌಡರು ಗುತ್ತಿಗಾರಿನ ರಬ್ಬರು ಬೆಳೆಗಾರರು, ನನ್ನ ಹಳೆಯ ಸ್ನೇಹಿತರು. ಹೊಸ ಬೆಲ್ಟನ್ನು ಎಳೆದು ನೋಡಿದರು, ಮೂಸಿ ನೋಡಿದರು, ಒಳಗಿನ ಹಲ್ಲುಗಳನ್ನು ಉಗುರಿನಿಂದ ಕೆರೆದರು. "ಹಾಲು ಎಲ್ಲಿಯ ಮರದ್ದೋ ಗೊತ್ತಿಲ್ಲ ಮಾಷ್ಟ್ರೆ, ಆದರೆ ಮಾಲು ಒಳ್ಳೆದುಂಟು" ಎಂದು ತೀರ್ಪು ಕೊಟ್ಟರು. ರಬ್ಬರಿನ ವಿಷಯದಲ್ಲಿ ಅವರ ಮೇಲೆ ಇನ್ನೊಂದು ಕೋರ್ಟಿಲ್ಲ.

ಕೆಲಸವೇನೋ ಕೇಳಲು ಸುಲಭ. ಮೇಲೊಂದು ಹಲ್ಲುಚಕ್ರ, ಕೆಳಗೊಂದು ಹಲ್ಲುಚಕ್ರ, ಎರಡನ್ನೂ ಸುತ್ತಿಕೊಂಡು ಬೆಲ್ಟು. ಎರಡೂ ಚಕ್ರಗಳು ಒಂದಕ್ಕೊಂದು ಹೊಂದಿಕೊಂಡೇ ತಿರುಗಬೇಕು. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಎಂಜಿನು ಮುನಿಸಿಕೊಳ್ಳುತ್ತದೆ. ಆದ್ದರಿಂದ ಹಮೀದನ ಶಾಸ್ತ್ರದ ಮೊದಲ ಸೂತ್ರ: ಬಿಚ್ಚುವ ಮೊದಲು ಗುರುತು ಹಾಕು. ಚಾಕ್‌ಪೀಸು ಎಣ್ಣೆಯ ಮೇಲೆ ನಿಲ್ಲಲಿಲ್ಲ. ಇಪ್ಪತ್ತೆಂಟು ವರ್ಷ ಚಾಕ್‌ಪೀಸು ಹಿಡಿದವನಿಗೆ ಅದೊಂದು ಅವಮಾನ. ಗೌಡರು ತಮ್ಮ ಎಲೆಅಡಿಕೆಯ ಪೆಟ್ಟಿಗೆ ತೆರೆದು ಸುಣ್ಣ ಕೊಟ್ಟರು. ಹಮೀದ ಮೇಲಿನ ಚಕ್ರಕ್ಕೊಂದು, ಕೆಳಗಿನದಕ್ಕೊಂದು, ಎಂಜಿನಿನ ಮೈಗೆ ಅವುಗಳ ಎದುರಾಗಿ ಒಂದೊಂದು ಬೊಟ್ಟು ಇಟ್ಟ. ಹಳೆಯ ಬೆಲ್ಟು ಹೊರಗೆ ಬಂತು. ಎಲ್ಲರೂ ಚಹಾಕ್ಕೆ ಎದ್ದೆವು.

ಇಲ್ಲಿ ಸುಣ್ಣದ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಚರಿತ್ರೆಯ ಮಾಸ್ತರು. ನಮ್ಮ ಸೀಮೆಯಲ್ಲಿ ಓದಬೇಕಾದ ಶಾಸನಗಳು ದೇವಸ್ಥಾನದಲ್ಲಿ ಮಾತ್ರ ಇಲ್ಲ, ಪ್ರತಿ ಮನೆಯ ಜಗಲಿಯ ಕಂಬದಲ್ಲೂ ಇವೆ ಎಂಬುದು ನನ್ನ ಸ್ವಂತ ಸಂಶೋಧನೆ. ಎಲೆಗೆ ಹಚ್ಚಿ ಉಳಿದ ಸುಣ್ಣವನ್ನು ಬೆರಳಿನಿಂದ ಕಂಬಕ್ಕೆ ಒರೆಸುವುದು ಪುತ್ತೂರಿನಿಂದ ಸುಳ್ಯದವರೆಗೆ ಗಂಡಸರ ಅಲಿಖಿತ ಹಕ್ಕು. ಆ ಬಿಳಿ ಗೀರುಗಳ ಎತ್ತರದಿಂದ ಬಂದವರ ಎತ್ತರವನ್ನೂ, ಸಂಖ್ಯೆಯಿಂದ ಮನೆಯವರ ತಾಳ್ಮೆಯನ್ನೂ ಅಳೆಯಬಹುದು. ಒರೆಸುವಾಗ ಯಾರೂ ನೋಡಿ ಒರೆಸುವುದಿಲ್ಲ. ಮಾತು ಬಾಯಿಯಲ್ಲಿ, ಕಣ್ಣು ರಸ್ತೆಯಲ್ಲಿ, ಬೆರಳು ಹತ್ತಿರ ಯಾವುದುಂಟೋ ಅದರ ಮೇಲೆ.

ಚಹಾ ಮುಗಿಯಿತು. ಎಲೆಯ ಪೆಟ್ಟಿಗೆ ಒಂದು ಸುತ್ತು ಬಂತು. ಬಿಚ್ಚಿದ ಕಾರು ಎಂದರೆ ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಬರಲು ಬೇರೆ ಆಮಂತ್ರಣ ಬೇಡ. ಇಬ್ಬರು ಮೂವರು ಸೇರಿಕೊಂಡರು. ಎಲ್ಲರೂ ಜಗಿಯುತ್ತ ಎಂಜಿನಿನ ಮೇಲೆ ಬಾಗಿ, ಈಗಿನ ಕಾಲದ ವಸ್ತುಗಳ ಬಾಳಿಕೆಯ ಕುರಿತು ಚಿಂತಿಸಿದರು. ನಾನೂ ಬಾಗಿದೆ. ನಿಂತ ಚಕ್ರ ನೋಡಿ ಸುಮ್ಮನಿರಲಾಗದೆ, ಹೇಗೆ ತಿರುಗುತ್ತದೆ ನೋಡೋಣವೆಂದು ಮೇಲಿನದನ್ನು ಕೈಯಿಂದ ತಿರುಗಿಸಿದೆ. ಅದು ಪಕ್ಕನೆ ಜಾರಿ ಇನ್ನೆಲ್ಲೋ ನಿಂತಿತು. ಅಡ್ಡಿಲ್ಲ, ಗುರುತು ಉಂಟಲ್ಲ ಎಂದುಕೊಂಡೆ.

ಹಮೀದ ಕೈ ಒರೆಸಿಕೊಂಡು ಬಂದು ನೋಡಿದ. ಮೇಲಿನ ಚಕ್ರದ ಮೇಲೆ ಐದು ಬಿಳಿ ಗುರುತುಗಳಿದ್ದವು. ಎಂಜಿನಿನ ಮೈಮೇಲೆ ಏಳು.

"ಇದರಲ್ಲಿ ನನ್ನದು ಯಾವುದು ಮಾಷ್ಟ್ರೇ?" ಎಂದು ಕೇಳಿದ. ಗೌಡರು ತಮ್ಮ ಬೆರಳನ್ನು ನೋಡಿಕೊಂಡರು. ನಾನು ನನ್ನದನ್ನು ನೋಡಿಕೊಂಡೆ. ಸೇರಿಕೊಂಡಿದ್ದವರು ಒಬ್ಬೊಬ್ಬರಾಗಿ, ಮನೆಯಲ್ಲಿ ಕೆಲಸ ಉಂಟೆಂದು ನೆನಪಾಗಿ ಹೊರಟುಹೋದರು.

ಮಧ್ಯಾಹ್ನದವರೆಗೆ ಶಾಸನತಜ್ಞನಾಗಿ ಆ ಗೀರುಗಳನ್ನು ಅಧ್ಯಯನ ಮಾಡಿದೆ. ಕೂತೆ, ಎದ್ದೆ, ಅಂಗಳಕ್ಕೆ ನಾಲ್ಕು ಸುತ್ತು ಬಂದೆ. ಹಮೀದನಿಗೆ ಒಂದರ ಮೇಲೆ ಅನುಮಾನ, ನನಗೆ ಇನ್ನೊಂದರ ಮೇಲೆ. ತಪ್ಪು ಗುರುತಿಗೆ ಕಟ್ಟಿ ಚಾಲೂ ಮಾಡಿದರೆ ಒಳಗೆ ಏನು ಮುರಿಯಬಹುದೆಂದು ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಊಟಕ್ಕೆ ಕರೆಯಲು ವಾರಿಜ ಬಂದಳು. ಗೋಣಿಯ ಮೇಲೆ ಸಾಲಾಗಿ ಮಲಗಿದ್ದ ತನ್ನ ಕಾರಿನ ಭಾಗಗಳನ್ನು ನೋಡಿದಳು.

"ನಾನು ಕಾರು ಬಿಡುದು ನಿಮಗೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು" ಎಂದಳು. "ಇಷ್ಟೆಲ್ಲ ಬಿಚ್ಚುದು ಬೇಡಿತ್ತು."

ಗೌಡರು ಆಕಾಶ ನೋಡಿದರು. ನಾನು 'ಅಲ್ಲ, ಹಾಗಲ್ಲ' ಎಂದೇನೋ ತೊದಲಿದೆ. ಆದರೆ ಆ ಮಾತು ಎಲ್ಲಿ ತಾಗಬೇಕಿತ್ತೋ ಅಲ್ಲಿ ತಾಗಿತ್ತು. ಮೂರು ತಿಂಗಳು ಸುಮ್ಮನಿದ್ದ ಬೆಲ್ಟು ಪರೀಕ್ಷೆಯ ಹಿಂದಿನ ದಿನವೇ ಯಾಕೆ ನೆನಪಾಯಿತು? ಎಡಗಡೆಯ ಸೀಟು ನನಗೆ ಖಾಯಂ ಆಗಿಬಿಡುತ್ತದೆಂಬ ಭಯ ಒಳಗೆಲ್ಲೋ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ.

ವಾರಿಜ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿತ್ತು. ನಾವು ಬಾಯಿ ತೆರೆಯುವಷ್ಟರಲ್ಲಿ ಚಕ್ರದ ಮೇಲಿನ ಐದು ಗುರುತುಗಳನ್ನೂ ಒರೆಸಿಬಿಟ್ಟಳು. ಹಮೀದ "ಅಕ್ಕಾ, ಬೇಡ" ಎಂದದ್ದು ತಡವಾಗಿತ್ತು. ಎಂಜಿನಿನ ಮೈಯನ್ನೂ ದೀಪ ಬೆಳಗಿದ ಹಾಗೆ ಉಜ್ಜಿದಳು. ಎಣ್ಣೆ, ಮಸಿ, ಸುಣ್ಣ ಎಲ್ಲ ಹೋಗಿ ಲೋಹ ಹೊಳೆಯಿತು. ಚಕ್ರದ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ಚುಕ್ಕಿಯೊಂದು ಕಾಣಿಸಿತು. ಅದರ ಜೊತೆಯದು ಎಂಜಿನಿನ ಮೈಮೇಲೆ ಪುಟ್ಟ ಬಾಣವಾಗಿ ಕೆತ್ತಿತ್ತು. ಕೆಳಗಿನ ಚಕ್ರಕ್ಕೂ ಹಾಗೆಯೇ.

"ನನ್ನ ಹೊಲಿಗೆ ಮೆಷಿನಿಗೇ ಕಂಪೆನಿಯವರು ಗುರುತು ಹಾಕಿ ಕೊಟ್ಟಿದ್ದಾರೆ. ಇಷ್ಟು ದೊಡ್ಡ ಕಾರಿಗೆ ಹಾಕದೆ ಬಿಡ್ತಾರಾ?" ಎಂದಳು. "ಅನ್ನ ಆರ್ತಾ ಉಂಟು."

ಸಂಜೆ ಐದಕ್ಕೆ ಕಾರು ಚಾಲೂ ಆಯಿತು. ಸೋಮವಾರ ಮೈದಾನದಲ್ಲಿ ವಾರಿಜ ಕಾರಿನಿಂದ ಎಂಟರ ಆಕಾರ ಬರೆದಳು, ಹಿಂದೆ ತಂದಳು, ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದಂತೆ ಎತ್ತಿದಳು. ಕಲಿಸಿದ್ದು ಯಾರೆಂದು ಇನ್ಸ್‌ಪೆಕ್ಟರರು ಕೇಳಿದಾಗ ನನ್ನ ಕಡೆ ಬೆರಳು ತೋರಿಸಿದಳು. ಅಂಥ ಔದಾರ್ಯಕ್ಕೆ ನಾನು ಸಿದ್ಧನಿರಲಿಲ್ಲ. ಬೇರೆ ಯಾರೋ ನಿಂತಿದ್ದಾರೆಂಬಂತೆ ಹಿಂದೆ ತಿರುಗಿ ನೋಡಿದೆ.

ಈಗ ಗುತ್ತಿಗಾರಿಗೋ ಕಡಬಕ್ಕೋ ಹೋಗುವಾಗ ಅವಳು ಬಿಡುತ್ತಾಳೆ, ನಾನು ಎಡಗಡೆ ಕೂರುತ್ತೇನೆ. ತಿರುವಿನಲ್ಲಿ ನನ್ನ ಕಾಲು ಇನ್ನೂ ಇಲ್ಲದ ಬ್ರೇಕನ್ನು ಹುಡುಕುತ್ತದೆ. ಕೈಗಾದರೂ ಕೆಲಸವಿರಲಿ ಎಂದು ಕಾರಿನಲ್ಲೂ ಎಲೆಅಡಿಕೆ ಶುರುಮಾಡಿದ್ದೇನೆ. ಹಚ್ಚಿ ಉಳಿದ ಸುಣ್ಣವನ್ನು ಮಾತ್ರ, ಎಷ್ಟೇ ಮಾತಿನಲ್ಲಿದ್ದರೂ, ಒಮ್ಮೆ ಬೆರಳನ್ನು ನೋಡಿಕೊಂಡು, ನನ್ನ ಪಂಚೆಗೇ ಒರೆಸಿಕೊಳ್ಳುತ್ತೇನೆ.