ನಾಲ್ಕನೇ ರಾಶಿ

ರಾಣೆಬೆನ್ನೂರಿನ ಕಾಲೇಜಿನಲ್ಲಿ ನಾನು ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತೇನೆ. ಬ್ಯಾಡಗಿಯ ದಲಾಲಿ ಅಂಗಡಿಯವರ ಮಗಳೊಬ್ಬಳು ಲ್ಯಾಬಿನಲ್ಲಿ ಮೂರು ಮೆಣಸಿನಕಾಯಿ ರಾಶಿಗಳನ್ನು ಸ್ಟ್ರಕ್ಚರ್ ಎಂಬ ಖಾನೆಗಳಲ್ಲಿ ಬರೆದಿದ್ದಳು. ಒಂದೊಂದಕ್ಕೂ ತಳಿ, ತೂಕ. ಕೊನೆಯ ರಾಶಿಯ ತೂಕ ನೋಡಬೇಕಿತ್ತು. ಆ ರಾಶಿಯನ್ನು ತೋರಿಸುವ ಪಾಯಿಂಟರಿನ ಮುಂದೆ ಬಾಣದ ಗುರುತು ಹಾಕಿ ತೂಕ ಎಂದು ಕೇಳಿದ್ದರೆ ಸಾಕಿತ್ತು. ತಳಿಯನ್ನು ದಾಟಬೇಕೆಂದು ಅವಳು ಪಾಯಿಂಟರಿಗೆ ಒಂದು ಕೂಡಿಸಿಬಿಟ್ಟಳು. ಒಂದು ಕೂಡಿಸಿದರೆ ಅದು ಇಡೀ ರಾಶಿಯನ್ನೇ ದಾಟುತ್ತದೆ ಎಂದು ಎಷ್ಟು ಬಡಕೊಂಡಿದ್ದೆ! ಮೂರನೆಯದನ್ನು ದಾಟಿದರೆ ಅಲ್ಲಿ ರಾಶಿಯೇ ಇಲ್ಲ. ಆದರೂ ತೆರೆಯ ಮೇಲೆ ತೂಕ ಬಂತು.

ಅವಳು ಹೌಹಾರಿದಳು. “ನಾಕನೇ ರಾಶಿ ನಾ ಹಾಕೇ ಇಲ್ಲರೀ ಮೇಡಂ!”

“ಸಿ ಇಲ್ಲದ್ದನ್ನೂ ತೂಗತೈತಿ. ಆ ಜಾಗಾದಾಗ ಮಂದೀದು ಏನ ಬಿದ್ದಿದ್ರೂ ಓದತೈತಿ, ಯಾರನ್ನೂ ತಡಿಯೂದಿಲ್ಲ” ಎಂದೆ.

“ನಮ್ಮ ಮಾರ್ಕೆಟ್ ಯಾರ್ಡಿನ್ಯಾಗ ಮಂದೀ ರಾಶಿಗೆ ಕೈ ಹಾಕಿದ್ರ ಹತ್ತು ಜನ ಒದರ್ತಾರ್ರೀ! ಇಲ್ಲಿ ಕೇಳೋರ ಇಲ್ಲೇನ್ರೀ?”

ನಂಬಲಾಗದೆ ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿದಳು. ಇಲ್ಲದ ರಾಶಿಯ ತೂಕ ಈ ಸಲ ಬೇರೆಯೇ ಇತ್ತು.