ಒಡೆದ ಹಲ್ಲುಗಳ ತಟ್ಟೆ

ಮೊದಲ ದಿನ ಸರಿಯಾಗಿ ಐದು ಗಂಟೆಗೆ, ನನಗೆ ಕೆಲಸ ಕಲಿಸುವ ಹಿರಿಯಾಕೆ ನನ್ನ ಮೇಜಿನ ದೀಪ ಆರಿಸಿ, "ಸಾಕು, ಮನೆಗೆ ಹೋಗು" ಅಂದರು. ಕೆಲಸದಿಂದ ತೆಗೆದರೆಂದೇ ನಾನು ತಿಳಿದೆ. ಹಿರಿಯರು ಎದ್ದುಹೋದ ಮೇಲೂ ಅರ್ಧ ಗಂಟೆ ಕುರ್ಚಿಗೆ ಅಂಟಿಕೊಂಡಿರಬೇಕು ಎಂದು ಊರಲ್ಲಿ ಕಲಿತು ಬಂದವನು. ರಸ್ತೆಯಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ.

"ಒಂದೇ ದಿನಕ್ಕಾ? ಏನು ಒಡೆದು ಹಾಕ್ದೆಯೋ?"

"ಏನೂ ಒಡೆದಿಲ್ಲಮ್ಮ."

"ಹಾಗಾದ್ರೆ ನಾಳೆಯೂ ಹೋಗಿ ಕೂತ್ಕೋ. ಕತ್ತು ಹಿಡಿದು ನೂಕಿದ್ರೆ ಆಮೇಲೆ ನೋಡೋಣ."

ಹೋಗಿ ಕೂತೆ. ಯಾರೂ ನೂಕಲಿಲ್ಲ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಅದು ಪರದೇಶದಲ್ಲಿ ಪಿಂಗಾಣಿ ಹಲ್ಲು ಮಾಡುವ ಪುಟ್ಟ ಲ್ಯಾಬ್. ನನ್ನದು ಮೂರು ತಿಂಗಳ ತರಬೇತಿ. ಕೊನೆಗೆ ಆಕೆ ಬರೆಯುವ ಪತ್ರ ಚೆನ್ನಾಗಿದ್ದರೆ ಅಲ್ಲೇ ಸಂಬಳದ ಕೆಲಸ, ಇಲ್ಲದಿದ್ದರೆ ಗಂಟುಮೂಟೆ. ಇಪ್ಪತ್ತೇಳು ವರ್ಷದಿಂದ ಕಂಡವರ ಬಾಯಿಗೆಲ್ಲ ಹಲ್ಲು ತುಂಬಿದ ಆಕೆಯ ಬಾಯಲ್ಲೇ ಎಡಗಡೆ ಒಂದು ಹಲ್ಲಿರಲಿಲ್ಲ. ದಿನಾ ಐದಕ್ಕೆ ಹೊರಟು, ಹಾಸಿಗೆ ಹಿಡಿದ ತನ್ನ ಅಕ್ಕನಿಗೆ ಉಣಿಸಬೇಕು. ತನ್ನ ಬಾಯಿ ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಮನಸ್ಸಿನಲ್ಲಿ ನಾನು ಆಕೆಗೆ ಇಟ್ಟ ಹೆಸರು ಹಲ್ಲಕ್ಕ. ಎದುರಿಗೆ ಮಾತ್ರ, ಅಲ್ಲಿನ ರೂಢಿಯಂತೆ, ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಅಮ್ಮನ ವಯಸ್ಸಿನವರನ್ನು ಹಾಗೆ ಕರೆಯಲು ನಾಲಿಗೆ ಏಳದೆ ಕೆಮ್ಮಿ ಕರೆಯುತ್ತಿದ್ದೆ. ವಾರ ಕಳೆಯುವುದರೊಳಗೆ ನನ್ನ ಮೇಜಿನ ಮೇಲೆ ಕೆಮ್ಮಿನ ಔಷಧಿ. ಇದರಲ್ಲೇನು ಮಸಲತ್ತೋ ಎಂದು ಮುಚ್ಚಳ ತೆಗೆದು ಮೂಸಿದೆ.

ಬಾಗಿಲ ಪಕ್ಕದಲ್ಲೊಂದು ತಟ್ಟೆ. ಕೆಲಸದಲ್ಲಿ ಹಲ್ಲು ಒಡೆದವರು ಅದನ್ನು ಅಲ್ಲಿಟ್ಟು, ಹೆಸರು, ಕಾರಣ ಬರೆದ ಚೀಟಿ ಅಂಟಿಸಬೇಕು. ಅರ್ಧಕ್ಕರ್ಧ ಚೀಟಿಗಳು ಹಲ್ಲಕ್ಕನವೇ. 'ಅವಸರ ಮಾಡಿದೆ.' 'ಮಾತಾಡುತ್ತಾ ಕೂತೆ.' ಹಿರಿಯರು ಹೀಗೆ ತಪ್ಪು ಒಪ್ಪಿಕೊಳ್ಳುವುದುಂಟೇ? ಇದು ಇಲಿಬೋನಿನ ಕೊಬ್ಬರಿ ಚೂರು, ಇಲಿ ನಾನು. ದಿನಾ ಸಂಜೆ ಆಕೆ ನನ್ನ ಕಸದ ಡಬ್ಬಿ ಇಣುಕುವುದನ್ನೂ ನೋಡಿಟ್ಟುಕೊಂಡಿದ್ದೆ.

ಎರಡನೇ ತಿಂಗಳಲ್ಲಿ ಒಂದು ದಿನ, ಹಲ್ಲು ಸುಡುವ ಕುಲುಮೆ ತಣಿಯುವ ಮುನ್ನವೇ ಅದರ ಬಾಗಿಲು ತೆಗೆದೆ. ಒಳಗಿದ್ದ ಹಲ್ಲು ಸೀಳಿ ಚೂರಾಯಿತು. ಚೂರುಗಳನ್ನು ಕಾಲುಚೀಲದೊಳಗೆ ಸೇರಿಸಿ, ಎಲ್ಲರೂ ಊಟಕ್ಕೆ ಹೋದಾಗ ಗುಟ್ಟಾಗಿ ಇನ್ನೊಂದು ಮಾಡಿ ಸುಟ್ಟೆ.

ಹಲ್ಲಕ್ಕ ಬಂದವರೇ ಕುಲುಮೆಯ ಹತ್ತಿರ ಅಂಗೈ ಹಿಡಿದರು.

"ಊಟದ ಹೊತ್ತಲ್ಲಿ ಇದ್ಯಾಕೆ ಬಿಸಿ?"

ನಾನು ಕೆಮ್ಮಿದೆ.

"ಕೆಮ್ಮು ಬೇಡ. ಒಡೆದದ್ದು ಎಲ್ಲಿ?"

"ಕಾಲುಚೀಲದಲ್ಲಿ."

ಹೊಸ ಹಲ್ಲನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಇದು ಚೆನ್ನಾಗಿದೆ. ಅದನ್ನ ತಟ್ಟೆಗೆ ಹಾಕು. ತೊಳೆದು ಹಾಕು, ಮಾರಾಯ!"

ಅಷ್ಟೇ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. "ಬೈಯೋರನ್ನ ನಂಬಬಹುದು ಕಣೋ, ಸುಮ್ಮನಿರೋರನ್ನ ನಂಬಬೇಡ" ಎಂದು ಅಮ್ಮ ಫೋನಿನಲ್ಲೇ ಉರಿಗೆ ತುಪ್ಪ ಸುರಿದಳು. ಉಳಿದ ದಿನಗಳೆಲ್ಲ ಪತ್ರದ್ದೇ ಧ್ಯಾನ. ಆಕೆ ಪೆನ್ನು ಎತ್ತಿಕೊಂಡರೆ ನಾನು ಕತ್ತು ಉದ್ದ ಮಾಡಿ ಇಣುಕುತ್ತಿದ್ದೆ.

ಕೊನೆಯ ದಿನ ಐದಕ್ಕೆ ಐದು ನಿಮಿಷವಿತ್ತು. ಅಂಟಿಸಿದ ಲಕೋಟೆ ಆಗಲೇ ಯಜಮಾನರ ಕೋಣೆ ಸೇರಿತ್ತು. ಆಕೆ ಕೋಟು ಹಾಕಿಕೊಳ್ಳುತ್ತಿದ್ದರು. ಮೊದಲ ಬಾರಿಗೆ ಹೆಸರು ಹಿಡಿದು ಕರೆದೆ.

"ಪತ್ರದಲ್ಲಿ... ಆ ಕಾಲುಚೀಲದ ವಿಷಯ ಬರೆದ್ರಾ?"

"ಬರೆದೆ." ನನ್ನ ಮೇಜಿನ ದೀಪ ಆರಿಸಿದರು. "ಕೈ ಒಳ್ಳೇದು, ಮುಚ್ಚಿಡೋ ಬುದ್ಧಿ ಇದೆ, ಇಲ್ಲೇ ನನ್ನ ಕಣ್ಣೆದುರಿಗೆ ಇಟ್ಕೊಳ್ಳಿ ಅಂತ."